ಗುರುತಿನ ಚೀಟಿಯ ಹೆಂಗಸು

ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ಈ ಊರಿನ ಒಂದು ಬೀಗವೂ ನನ್ನ ಕೈಗೆ ತೆರೆಯದಿರಲಿ. ಬೀಗ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ಇದಕ್ಕಿಂತ ದೊಡ್ಡ ಆಣೆ ಇಡಲಾರ, ಯಜಮಾನರೇ. ನೀವು ಹೇಗೂ ಈ ಬೆಂಚಿನ ಮೇಲೆ ಕುಳಿತು ಫೋಟೋಗೆ ಒಳಗಿಂದ ಯಾವಾಗ ಕರೆಯುತ್ತಾರೋ ಎಂದು ಕಾಯುತ್ತಿದ್ದೀರಿ. ಕೂದಲು ಬಾಚಿದ್ದೀರಿ, ಮುಖಕ್ಕೆ ಒಂದಿಷ್ಟು ಪೌಡರೂ ಬಿದ್ದಿದೆ. ಬೇಡವಾಗಿತ್ತು. ಏಕೆ ಬೇಡವಾಗಿತ್ತು ಎಂದು ಹೇಳುತ್ತೇನೆ, ಕೇಳಿ.

ನನ್ನ ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಕೈಯಲ್ಲಿ ಹಿಡಿಯುವ ಇಸ್ತ್ರಿಪೆಟ್ಟಿಗೆಯಲ್ಲ. ಮಂಚದಷ್ಟು ಅಗಲದ ಹಬೆಯ ಯಂತ್ರ. ಆಸ್ಪತ್ರೆಯ ಹೊದಿಕೆಗಳನ್ನು ಮುದ್ದೆಯಾಗಿ ನುಂಗಿ ಕಾಗದದಂತೆ ಉಗುಳುತ್ತದೆ. ಒಂದು ದಿನ ಅದರ ಕೊಳವೆ ಬಿಟ್ಟುಕೊಂಡು ಹಬೆ ಅವಳ ಎಡಗೆನ್ನೆಗೆ ಹೊಡೆಯಿತು. ಗಾಯ ವಾಸಿಯಾಯಿತು, ಆದರೆ ಕಿವಿಯಿಂದ ತುಟಿಯ ಮೂಲೆಯವರೆಗೆ ಚರ್ಮ ಸುಕ್ಕುಗಟ್ಟಿ ಹಾಗೇ ಉಳಿಯಿತು. ಊರಿನವರ ಬಟ್ಟೆಯ ಸುಕ್ಕನ್ನೆಲ್ಲ ಬಿಡಿಸುವವಳಿಗೆ ತನ್ನದೊಂದು ಸುಕ್ಕು ಬಿಡಿಸಲಾಗಲಿಲ್ಲ ನೋಡು ಎಂದು ಅವಳೇ ನಗುತ್ತಿದ್ದಳು. ಅಂಥ ಗಟ್ಟಿ ಹೆಂಗಸು ಹೆದರಿದ್ದನ್ನು ನಾನು ಮೊದಲು ನೋಡಿದ್ದು ಒಂದು ಚುನಾವಣೆಯ ದಿನ.

ಆಗ ಫೋಟೋಗೀಟೋ ಯಾರೂ ಕೇಳುತ್ತಿರಲಿಲ್ಲ. ಹೋಗಿ ಹೆಸರು ಹೇಳಿದರೆ ಆಯಿತು. ಅಕ್ಕ ಕೆಲಸ ಮುಗಿಸಿ ಮತಗಟ್ಟೆಗೆ ಹೋಗಿ ಹೆಸರು ಹೇಳಿದಳು. ಅಲ್ಲಿದ್ದ ಗುಮಾಸ್ತ ಪಟ್ಟಿಯ ಮೇಲೆ ಬೆರಳಾಡಿಸಿ ತಲೆ ಎತ್ತಿದ.

"ನಿಮ್ಮ ವೋಟು ಆಗ್ಲೇ ಬಿದ್ದಿದೆಯಲ್ಲಮ್ಮ."

"ಯಾರು ಹಾಕಿದ್ದು?"

"ನೀವೇ."

"ನಾನು ಈಗ ಬರ್ತಿದ್ದೀನಲ್ಲ."

"ಹಾಗಾದ್ರೆ ನಿಮಗಿಂತ ಮುಂಚೆ ನೀವು ಬಂದಿದ್ರಿ," ಎಂದು ಅವನು ಮುಂದಿನವರನ್ನು ಕರೆದ.

ಅಕ್ಕ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಯಲ್ಲಿ ನಿಂತಳು. "ಯಾವಳೋ ಒಬ್ಬಳು ಹೋಗಿ ನನ್ನ ಹೆಸರು ಹೇಳಿದ್ದಾಳೆ ಕಣೋ. ಅಪ್ಪನ ಹೆಸರು ಕೇಳಿದ್ರೆ ಅದನ್ನೂ ಹೇಳಿದ್ದಾಳೆ. ನಾಳೆ ಈ ಮನೆ ಬಾಗಿಲಿಗೆ ಬಂದು, ನಾನೇ ಈ ಮನೆಯವಳು ಅಂತ ನಿಂತ್ರೆ ಏನು ಮಾಡ್ಲಿ?"

ಭಾವ ಬಸ್ ಡಿಪೋದಲ್ಲಿ ಟೈರಿಗೆ ಗಾಳಿ ತುಂಬುವವರು. ಮಾತಿಗೂ ತುಂಬುತ್ತಾರೆ. "ಬಂದ್ರೆ ಅಡಿಗೆ ಬರುತ್ತಾ ಅಂತ ಕೇಳ್ತೀನಿ ಬಿಡು," ಎಂದರು. ಆವತ್ತು ಅವರಿಗೆ ಊಟ ಸಿಕ್ಕಿದ್ದು ನೆರೆಮನೆಯಲ್ಲಿ.

ಅಲ್ಲಿಂದ ಅಕ್ಕನದು ಒಂದೇ ಮಾತು: ಫೋಟೋ ಇಲ್ಲದವರಿಗೆ ವೋಟು ಕೊಡಬಾರದು. ಲಾಂಡ್ರಿಯಲ್ಲಿ ಹೇಳಿದಳು, ಬಸ್ಸಿನಲ್ಲಿ ಹೇಳಿದಳು, ಮತ ಕೇಳಲು ಬಂದವರನ್ನು ಒಳಗೆ ಕೂರಿಸಿ ಬಾಗಿಲು ಹಾಕಿಕೊಂಡು ಹೇಳಿದಳು. ಭಾವನದು ಉಲ್ಟಾ.

"ನಮ್ಮಮ್ಮ ಮಂಚದಿಂದ ಇಳಿಯೋದೇ ವೋಟಿನ ದಿನ. ಫೋಟೋಗೆ ಅಂತ ಇನ್ನೊಂದು ದಿನ ಹೇಗೆ ಇಳಿಸ್ಲಿ? ಕಾರ್ಡ್ ಕಳ್ಕೊಂಡವರು, ಮನೆ ಸುಟ್ಟು ಬೀದಿಗೆ ಬಂದವರು, ಅವರೆಲ್ಲ ಊರವರಲ್ವಾ? ಕಳ್ಳಿ ಒಬ್ಬಳು ಬಂದ್ಲು ಅಂತ ಊರಿಗೆಲ್ಲ ಬೀಗ ಹಾಕ್ತೀಯಾ?"

"ಕಾರ್ಡ್ ಕಳೆದ್ರೆ ಇನ್ನೊಂದು ಮಾಡಿಸ್ಕೋಬಹುದು. ನನ್ನ ವೋಟು ಕಳೀತಲ್ಲ, ಅದನ್ನ ಯಾರು ಮಾಡಿಸ್ಕೊಡ್ತಾರೆ? ನೀವು ಕೊಡ್ತೀರಾ?"

ನನ್ನನ್ನು ಕೇಳಿದರು. ಇಬ್ಬರೂ ಸರಿ ಎಂದೆ. ಇಬ್ಬರೂ ಬೈದರು.

ಕೊನೆಗೆ ಮೇಲಿನವರಿಗೆ ಅಕ್ಕನ ಮಾತು ಕೇಳಿಸಿತೋ ಏನೋ, ನಿಯಮ ಬಂತು. ಮುಂದಿನ ಚುನಾವಣೆಗೆ ಫೋಟೋ ಇರುವ ಗುರುತಿನ ಚೀಟಿ ಇಲ್ಲದೆ ಯಾರೂ ಮತಗಟ್ಟೆಗೆ ಕಾಲಿಡುವಂತಿಲ್ಲ. ನಮ್ಮ ವಾರ್ಡಿನವರ ಫೋಟೋ ತೆಗೆಯಲು ಪಾಲಿಶ್ ಮಾಮನನ್ನು ಗೊತ್ತು ಮಾಡಿದರು. ಎಡವಟ್ಟಾಗಿದ್ದು ಅಲ್ಲೇ.

ಪಾಲಿಶ್ ಮಾಮ ಕೆಟ್ಟ ಫೋಟೋಗ್ರಾಫರ್ ಅಲ್ಲ. ಆದರೆ ಅವನ ಕಸುಬು ಸತ್ತವರದು. ಯಾರಾದರೂ ತೀರಿಕೊಂಡರೆ ಮನೆಯವರು ಹರಿದುಹೋದ ಹಳೆಯ ಫೋಟೋವೊಂದನ್ನು ತಂದು ಅವನ ಕೈಗಿಡುತ್ತಿದ್ದರು. ಗೋಡೆಗೆ ತೂಗುಹಾಕಲು ಅವನು ಅದನ್ನು ದೊಡ್ಡದು ಮಾಡಿಕೊಡುತ್ತಿದ್ದ. ದೊಡ್ಡದು ಮಾಡುವಾಗ ಸಣ್ಣ ಕುಂಚ ಹಿಡಿದು ಕಾಯಿಲೆ ಅಳಿಸುತ್ತಿದ್ದ, ಸುಕ್ಕು ಅಳಿಸುತ್ತಿದ್ದ, ಓರೆಗಣ್ಣು ನೇರ ಮಾಡುತ್ತಿದ್ದ. ಮೂಗಿನ ಪಕ್ಕದ ನೆರಳು, ಗಲ್ಲದ ಕೆಳಗಿನ ನೆರಳು, ಎಲ್ಲಕ್ಕಿಂತ ಮೊದಲು ಅದನ್ನು ತೆಗೆದುಬಿಡುತ್ತಿದ್ದ. ನೆರಳಿದ್ದರೆ ಮನುಷ್ಯ ಯೋಚನೆಯಲ್ಲಿದ್ದಾನೆ ಅನ್ನಿಸುತ್ತದೆ, ಸತ್ತವರಿಗೆ ಎಂಥ ಯೋಚನೆ ಎನ್ನುತ್ತಿದ್ದ. ಬದುಕಿದ್ದಾಗ ಮೂರು ಹೊತ್ತೂ ಜಗಳವಾಡಿದ ಮುದುಕಿಯೂ ಅವನ ಕೈಯಲ್ಲಿ ಹಾಲು ಕುಡಿದ ಮಗುವಿನಂತಾಗುತ್ತಿದ್ದಳು. ಮನೆಯವರು ಅಳುತ್ತಾ ದುಡ್ಡು ಕೊಟ್ಟು ಹೋಗುತ್ತಿದ್ದರು.

ಅವನ ಕೈಗೆ ಬೇರೆ ಅಭ್ಯಾಸವೇ ಇರಲಿಲ್ಲ. ಇಡೀ ವಾರ್ಡಿನ ಬದುಕಿರುವ ಮುಖಗಳನ್ನು ಅದೇ ಕುಂಚಕ್ಕೆ ಕೊಟ್ಟ.

ಕಾರ್ಡು ಬಂದ ದಿನ ನಮ್ಮ ಬೀದಿಯಲ್ಲಿ ಖುಷಿಯೋ ಖುಷಿ. ಮೀಸೆ ಉದುರಿದ್ದವರಿಗೆ ಮೀಸೆ ತುಂಬಿಕೊಂಡಿತ್ತು. ನನ್ನ ತಲೆಯಿಂದ ಎಂದೋ ರಾಜೀನಾಮೆ ಕೊಟ್ಟು ಹೋಗಿದ್ದ ಕೂದಲು ಒಂದೂ ಬಿಡದೆ ಕೆಲಸಕ್ಕೆ ವಾಪಸು ಬಂದಿತ್ತು. ಎದುರುಮನೆಯ ದರ್ಜಿಯಂತೂ ತನ್ನ ಕಾರ್ಡನ್ನು ಹೆಂಡತಿಗೆ ತೋರಿಸಿ, "ನೋಡೇ, ನೀನು ಯಾರ ಜೊತೆ ಸಂಸಾರ ಮಾಡ್ತಿದ್ದೀಯ ಅಂತ ನಿನಗೇ ಗೊತ್ತಿಲ್ಲ," ಎಂದ.

ಅಕ್ಕ ಮಾತ್ರ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಳು. ಅದರಲ್ಲಿದ್ದವಳ ಎಡಗೆನ್ನೆ ಗಾಜಿನಂತಿತ್ತು.

"ಇವಳು ಯಾರೋ?"

"ನೀನೇ ಅಕ್ಕ. ಚೆನ್ನಾಗಿ ಬಂದಿದ್ದೀಯ."

"ನನ್ನ ಕೆನ್ನೆ ಎಲ್ಲಿ?"

"ಪಾಲಿಶ್ ಆಗಿದೆ."

"ಇವಳು ನನ್ನನ್ನ ನೋಡ್ತಿಲ್ಲ. ನನ್ನ ಹಿಂದೆ ಏನೋ ನೋಡ್ತಿದ್ದಾಳೆ," ಎಂದು ಅಕ್ಕ ಒಮ್ಮೆ ಹಿಂದಕ್ಕೆ ತಿರುಗಿದಳು. ಅಲ್ಲಿ ಮನೆ ಇತ್ತು. ಒಲೆ, ಹಾಸಿಗೆ, ಅತ್ತೆಯ ಮಂಚ, ಅಷ್ಟೇ.

ಚುನಾವಣೆಯ ದಿನ ಬಂತು. ಭಾವ ಹಟ ಹಿಡಿದು ಫೋಟೋ ತೆಗೆಸಿರಲಿಲ್ಲ. ತಾಯಿಯ ಜೊತೆ ಮನೆಯಲ್ಲೇ ಉಳಿದರು. ನಾನು ಅಕ್ಕ ಇಬ್ಬರೂ ಹೋದೆವು. ಮತಗಟ್ಟೆ ಇದ್ದದ್ದು ಶಾಲೆಯಲ್ಲಿ. ಅಕ್ಕ ಆವತ್ತು ಲಾಂಡ್ರಿಗೆ ರಜೆ ಹಾಕಿ, ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಂತಿದ್ದಳು. ಈ ಸಲ ತನಗಿಂತ ಮುಂಚೆ ತಾನು ಬರಬಾರದು ಎಂದು.

ಮೇಜಿನ ಹಿಂದೆ ಕುಳಿತಿದ್ದ ಅಧಿಕಾರಿ ಬಹಳ ಮರ್ಯಾದಸ್ಥ. ಒರಟನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಅಕ್ಕನ ಕಾರ್ಡು ತೆಗೆದುಕೊಂಡು, ಭೂತಗನ್ನಡಿ ಹಿಡಿದು ಕಾರ್ಡು ನೋಡಿದ, ಮುಖ ನೋಡಿದ, ಮತ್ತೆ ಕಾರ್ಡು ನೋಡಿದ.

"ಕ್ಷಮಿಸಿ ಅಮ್ಮ. ಇದು ನೀವಲ್ಲ."

"ನಾನೇ. ಫೋಟೋದಲ್ಲಿ ಅಳಿಸಿದ್ದಾರೆ."

"ಇರಬಹುದು. ಆದ್ರೆ ಸರ್ಕಾರ ಕೊಟ್ಟ ಮುಖ ಇದು. ನೀವು ತಂದಿರೋ ಮುಖ ನೀವೇ ತಂದಿರೋದು."

ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ, "ಇವಳು ನನ್ನ ಒಡಹುಟ್ಟಿದ ಅಕ್ಕ, ಸ್ವಾಮಿ. ನಾನು ಸಾಕ್ಷಿ," ಎಂದೆ.

"ಸಂತೋಷ. ನೀವು ಯಾರು?"

ಕಾರ್ಡು ಕೊಟ್ಟೆ. ಅವನು ಕಾರ್ಡಿನಲ್ಲಿದ್ದ ಕೂದಲನ್ನೂ ನನ್ನ ತಲೆಯನ್ನೂ ನೋಡಿ, ತುಂಬ ಬೇಸರದಿಂದ, "ನೀವೂ ನೀವಲ್ಲ. ಗುರುತಿಲ್ಲದವರ ಸಾಕ್ಷಿ ನಡೆಯಲ್ಲ," ಎಂದ.

ನಮ್ಮಿಬ್ಬರನ್ನೂ ಪಕ್ಕದ ಕೊಠಡಿಗೆ ಕಳಿಸಿದರು. ಕಾರ್ಡುಗಳು ಮೇಜಿನ ಮೇಲೇ ಉಳಿದವು. ಚಿಕ್ಕ ಮಕ್ಕಳ ತರಗತಿ ಅದು. ಬೆಂಚುಗಳು ಎಷ್ಟು ಗಿಡ್ಡವೆಂದರೆ ಕುಳಿತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಬಾಗಿಲಲ್ಲಿ ಒಬ್ಬ ಕಾನ್‌ಸ್ಟೇಬಲ್ ನಿಂತಿದ್ದ. ನಾನು ಅವನನ್ನು, "ನಮ್ಮನ್ನ ಯಾವಾಗ ಬಿಡ್ತೀರಿ?" ಎಂದು ಕೇಳಿದೆ.

"ಬಿಡೋದಾ? ಬೇರೆಯವರ ಹೆಸರಲ್ಲಿ ವೋಟು ಹಾಕೋಕೆ ಬಂದಿದ್ದೀರಿ. ಸಂಜೆ ವ್ಯಾನ್ ಬರುತ್ತೆ," ಎಂದ. ಕೆಟ್ಟದಾಗಿ ಹೇಳಲಿಲ್ಲ. ಬಸ್ಸಿನ ಹೊತ್ತು ಹೇಳುವವನಂತೆ ಹೇಳಿದ.

ಒಬ್ಬೊಬ್ಬರಾಗಿ ಬೀದಿಯವರೆಲ್ಲ ಒಳಗೆ ಬಂದರು. ದರ್ಜಿ ಬಂದ, ಅವನ ಹೆಂಡತಿ ಬಂದಳು, ಓರೆಗಣ್ಣಿನ ಡ್ರೈವರ್ ಬಂದ. ಪಾಲಿಶ್ ಮಾಮನೂ ಬಂದ, ತನ್ನ ಫೋಟೋವನ್ನು ಎಲ್ಲರದಕ್ಕಿಂತ ಹೆಚ್ಚು ತಿದ್ದಿಕೊಂಡಿದ್ದನಂತೆ. ಬೇರೆ ದಿನವಾಗಿದ್ದರೆ ನಾಲ್ಕು ಏಟು ಬೀಳುತ್ತಿದ್ದವು. ಆವತ್ತು ಯಾರಿಗೂ ಕೈ ಎತ್ತುವ ಶಕ್ತಿ ಇರಲಿಲ್ಲ. ಅಕ್ಕ ಮಾತ್ರ ಕಿಟಕಿ ಬಿಟ್ಟು ಅಲುಗಲಿಲ್ಲ. ಅಲ್ಲಿಂದ ಅಧಿಕಾರಿಯ ಮೇಜು ಕಾಣುತ್ತಿತ್ತು, ಶಾಲೆಯ ಅಂಗಳವೂ ಕಾಣುತ್ತಿತ್ತು. "ಇವತ್ತೂ ಯಾವಳಾದ್ರೂ ಬಂದು ನನ್ನ ವೋಟು ಹಾಕಿದ್ರೆ ನಾನು ಉಳಿಯಲ್ಲ ಕಣೋ," ಎನ್ನುತ್ತಿದ್ದಳು.

ಈಗ ಹೇಳುವುದನ್ನು ನೀವು ನಂಬದಿದ್ದರೂ ಬೇಸರವಿಲ್ಲ. ನೋಡಿದ ನಾನೇ ಅರ್ಧ ನಂಬಿದ್ದೇನೆ.

ಅಂಗಳ ಬೆಳ್ಳಗೆ ಬಿಸಿಲಿಗೆ ಸುಡುತ್ತಿತ್ತು. ಗೇಟಿನಿಂದ ಒಬ್ಬ ಹೆಂಗಸು ಬಂದಳು. ಅವಸರವಿಲ್ಲದ ನಡಿಗೆ. ಧ್ವಜಕಂಬಕ್ಕೆ ನೆರಳಿತ್ತು, ಗೇಟಿಗೆ ನೆರಳಿತ್ತು, ಕಾಗೆಗೂ ಇತ್ತು. ಅವಳಿಗಿರಲಿಲ್ಲ. ಹತ್ತಿರ ಬಂದಾಗ ಅವಳ ಎಡಗೆನ್ನೆ ಕಂಡಿತು. ಗಾಜಿನಂಥ ಕೆನ್ನೆ.

ಅಕ್ಕ ನನ್ನ ತೋಳು ಹಿಡಿದಳು. ಹಬೆಯಂತ್ರದ ಮುಂದೆ ನಿಂತು ನಿಂತು ಸದಾ ಬೆಚ್ಚಗಿರುವ ಅವಳ ಕೈ ಹಿಮದಂತಿತ್ತು. ಹಿಂದಿನಿಂದ ಪಾಲಿಶ್ ಮಾಮ ಇಣುಕಿ, ಪಿಸುದನಿಯಲ್ಲಿ, "ನನ್ನ ಕೈಕೆಲಸವೇ ಅದು," ಎಂದ.

ಅಧಿಕಾರಿ ಅವಳ ಮುಖ ನೋಡಿದ, ಮೇಜಿನ ಮೇಲಿದ್ದ ಅಕ್ಕನ ಕಾರ್ಡು ನೋಡಿದ. ಅವನ ಮುಖ ಅರಳಿತು.

"ಬನ್ನಿ ಅಮ್ಮ. ನಿಮ್ಮ ಕಾರ್ಡು ಯಾರೋ ಕದ್ದು ತಂದಿದ್ರು ನೋಡಿ. ಪುಣ್ಯಕ್ಕೆ ಹಿಡಿದ್ವಿ. ಹೆಸರು?"

ಅವಳು ಹೆಸರು ಹೇಳಿದಳು. ಅಪ್ಪನ ಹೆಸರು ಕೇಳಿದ್ದಕ್ಕೆ ನಮ್ಮ ಅಪ್ಪನ ಹೆಸರು ಹೇಳಿದಳು. ದನಿ ಅಕ್ಕನದೇ, ಆದರೆ ಅದರಲ್ಲೂ ಸುಕ್ಕಿರಲಿಲ್ಲ. ಇನ್ನು ಬೆರಳಿಗೆ ಶಾಯಿ ಹಚ್ಚಿ ಮತಪತ್ರ ಕೊಡುವುದೊಂದು ಬಾಕಿ. ಅಧಿಕಾರಿ ಅವಳ ಬೆರಳು ಹಿಡಿದು ಶಾಯಿ ಹಚ್ಚಿದ. ಎಣ್ಣೆ ಸವರಿದ ತಟ್ಟೆಯ ಮೇಲಿನ ನೀರಿನಂತೆ ಅದು ಹನಿಹನಿಯಾಗಿ ಜಾರಿ ಮೇಜಿನ ಮೇಲೆ ಬಿತ್ತು. ಇನ್ನೊಮ್ಮೆ ಹಚ್ಚಿದ. ಮತ್ತೆ ಜಾರಿತು. ಬೆರಳು ತೊಳೆದಿಟ್ಟ ಚಮಚದಂತೆ ಹೊಳೆಯುತ್ತಿತ್ತು. ಅವಳು ಬೇಸರಿಸಲಿಲ್ಲ, ಕೈ ಹಿಂದಕ್ಕೆಳೆಯಲಿಲ್ಲ. ಸುಮ್ಮನೆ ಅಧಿಕಾರಿಯ ತಲೆಯ ಮೇಲಿಂದ ಎಲ್ಲೋ ನೋಡುತ್ತಾ ಕಾಯುತ್ತಿದ್ದಳು. ಸಾಯುವ ಚಿಂತೆಯಿಲ್ಲದವರಿಗೆ ಮಾತ್ರ ಹಾಗೆ ಕಾಯಲು ಬರುತ್ತದೆ.

"ಸ್ವಲ್ಪ ನಿಲ್ಲಿ. ಗಟ್ಟಿ ಶಾಯಿ ಇದೆ, ಕಲ್ಲಿನ ಮೇಲೂ ಹಿಡಿಯುತ್ತೆ," ಎಂದು ಅಧಿಕಾರಿ ಪೆಟ್ಟಿಗೆಯಲ್ಲಿ ಬೇರೆ ಸೀಸೆ ಹುಡುಕತೊಡಗಿದ.

ಅಷ್ಟರಲ್ಲಿ ಗೇಟಿನ ಕಡೆ ನೋಡಿದ ದರ್ಜಿ ಕಿಟಕಿಯ ಸರಳು ಹಿಡಿದುಕೊಂಡ. ಅಲ್ಲಿ ಅವನೇ ಬರುತ್ತಿದ್ದ. ಹಿಂದೆ ಅವನ ಹೆಂಡತಿ, ನೇರಗಣ್ಣಿನ ಡ್ರೈವರ್, ಒಬ್ಬರ ಹಿಂದೊಬ್ಬರು ಇಡೀ ಬೀದಿ, ನೆರಳಿಲ್ಲದೆ, ಸದ್ದಿಲ್ಲದೆ. ಅವರ ನಡುವೆ ದಟ್ಟ ಕೂದಲಿನ ಒಬ್ಬ ಮನುಷ್ಯನನ್ನು ನೋಡಿದೆ. ಯಾರೋ ಪರಿಚಯದವರು ಅನ್ನಿಸಿತು. ಆಮೇಲೆ ಗೊತ್ತಾಯಿತು ಯಾರೆಂದು. ನನ್ನ ಕೈ ತಾನಾಗಿ ನನ್ನ ಬೋಳು ತಲೆಯನ್ನು ಮುಟ್ಟಿ ನೋಡಿತು.

ಅಕ್ಕ ಬಾಗಿಲಿಗೆ ಹೋದಳು. ಕಾನ್‌ಸ್ಟೇಬಲ್ ಲಾಠಿ ಅಡ್ಡ ಹಿಡಿದಿದ್ದ, ಆದರೆ ಅವನ ಕಣ್ಣು ಅಂಗಳದ ಮೇಲಿತ್ತು. ಅಕ್ಕ ಲಾಠಿಯ ಕೆಳಗೆ ಬಗ್ಗಿ ಹೊರಗೆ ನಡೆದಳು. ಮೇಜಿನ ಬಳಿ ಆ ಹೆಂಗಸಿನ ಪಕ್ಕದಲ್ಲಿ ನಿಂತಳು. ಇಬ್ಬರದೂ ಒಂದೇ ಎತ್ತರ, ಒಂದೇ ನಿಲುವು, ಯಜಮಾನರೇ. ಉಸಿರಾಡುತ್ತಿದ್ದವಳು ಒಬ್ಬಳೇ.

ಅಕ್ಕ ಮೊದಲ ಸೀಸೆಯ ಕಡೆ ಬೆರಳು ಚಾಚಿದಳು. ಅಧಿಕಾರಿ ತಲೆ ಎತ್ತಿದ.

"ಅದನ್ನ ಮುಟ್ಟಬೇಡಿ. ಬೆರಳಿಗೆ ಶಾಯಿ ತಾಗಿದ್ರೆ ವೋಟು ಆಯ್ತು ಅಂತ ಲೆಕ್ಕ. ಆಮೇಲೆ ನಿಮ್ಮ ಮುಖ ಸರಿಹೋದ್ರೂ ನಾನು ಮತಪತ್ರ ಕೊಡೋಹಾಗಿಲ್ಲ."

"ಈಗ ಕೊಡ್ತೀರಾ?"

"ಇಲ್ಲ. ಮುಖ ತಾಳೆ ಆಗ್ತಿಲ್ಲವಲ್ಲ."

"ಇವಳಿಗೆ?"

"ಶಾಯಿ ಹಿಡಿದ ತಕ್ಷಣ ಕೊಡ್ತೀನಿ." ಅವನು ಗಟ್ಟಿ ಶಾಯಿಯ ಬಿರಡೆ ತಿರುಗಿಸುತ್ತಿದ್ದ.

ಅಕ್ಕ ಒಂದು ಕ್ಷಣ ಮತಪೆಟ್ಟಿಗೆಯ ಕಡೆ ನೋಡಿದಳು. ಅಷ್ಟು ವರ್ಷ ಕಾದಿದ್ದಳು ಅದಕ್ಕೆ. ಯಾರಿಗೆ ಹಾಕಬೇಕೆಂದು ಭಾವನಿಗೂ ಹೇಳದೆ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಆಮೇಲೆ ಬೆರಳಲ್ಲ, ಇಡೀ ಕೈಯನ್ನೇ ಸೀಸೆಗೆ ತುರುಕಲು ಹೋದಳು, ಸೀಸೆ ಉರುಳಿತು. ಚೆಲ್ಲಿದ್ದನ್ನು ಅಂಗೈಯಲ್ಲಿ ಒರೆಸಿಕೊಂಡಳು. ಬಿಸಿಗೆ ಬಿರಿದ ಚರ್ಮ ಅವಳದು, ಬಿರುಕುಬಿರುಕಿಗೂ ಶಾಯಿ ಇಳಿಯಿತು.

"ಹಿಡೀತು ನೋಡಿ," ಎಂದು ಕೈ ಎತ್ತಿ ತೋರಿಸಿದಳು. "ಈ ಹೆಸರಿಗೆ ಶಾಯಿ ಬಿತ್ತು."

ಅಧಿಕಾರಿ ಯೋಚಿಸಿದ. ಪಾಪ, ಅವನ ಹಣೆಯಲ್ಲೂ ಬೆವರಿತ್ತು. ಪಟ್ಟಿಯಲ್ಲಿ ಅಕ್ಕನ ಹೆಸರಿನ ಮೇಲೆ ಗೆರೆ ಎಳೆದ. "ಶಾಯಿ ಇರೋರು ಮತದಾರರು. ಗುರುತಾಗದೆ ಯಾರೂ ಮತದಾರರಾಗಲ್ಲ. ಹಾಗಾಗಿ ಅಮ್ಮ, ನೀವು ನೀವೇ. ಕಾರ್ಡು ತೊಗೊಂಡು ಮನೆಗೆ ಹೋಗಿ." ಆ ಹೆಂಗಸಿನ ಕಡೆ ತಿರುಗಿ, "ನಿಮ್ಮ ಹೆಸರು ಮುಗೀತು. ಪಕ್ಕಕ್ಕೆ ಸರಿದು ನಿಲ್ಲಿ," ಎಂದ. ಅವಳು ಸರಿದು ನಿಂತಳು. ಹೋಗಲಿಲ್ಲ.

ಶಾಯಿ ಇದ್ದವರನ್ನು ಮನೆಗೆ ಬಿಡುತ್ತಾರೆ ಎಂದು ಕೊಠಡಿಯಲ್ಲಿದ್ದವರಿಗೆ ತಿಳಿಯಲು ಎಷ್ಟು ಹೊತ್ತು ಬೇಕು? ನುಗ್ಗಿದೆವು. ಮೇಜಿನ ಮೇಲೆ ಚೆಲ್ಲಿದ್ದ ಶಾಯಿಗೆ ಬೆರಳೊತ್ತಲು ನೂಕುನುಗ್ಗಲು. ವೋಟು ಹಾಕಲು ನಮ್ಮ ಬೀದಿಯವರು ಅಷ್ಟು ಹುರುಪಿನಿಂದ ಎಂದೂ ಮುಂದೆ ಬಂದದ್ದಿಲ್ಲ, ಆವತ್ತು ಬಿಟ್ಟುಕೊಡಲು ಬಂದರು. ನಾನೂ ಒತ್ತಿದೆ. ಕೂದಲಿದ್ದವನು ಅಷ್ಟರಲ್ಲಿ ನನ್ನ ಮೊಣಕೈ ತಾಗುವಷ್ಟು ಹತ್ತಿರ ಬಂದಿದ್ದ. ಅವನಿಂದ ಹೊಸ ಫೋಟೋದ ವಾಸನೆ ಬರುತ್ತಿತ್ತು.

ಮನೆಗೆ ಹೊರಟೆವು. ಅಕ್ಕನ ನೆರಳು ಮುಂದೆ ಬಿದ್ದಿತ್ತು, ನನ್ನ ನೆರಳು ಅದರ ಪಕ್ಕದಲ್ಲಿತ್ತು. ಅದನ್ನೇ ನೋಡುತ್ತಾ ನಡೆದೆವು. ಭಾವ ಬಾಗಿಲು ತೆರೆದು ಅಕ್ಕನ ಕೈ ನೋಡಿ, "ಏನೇ ಇದು, ಊರಿನವರ ವೋಟನ್ನೆಲ್ಲ ನೀನೇ ಹಾಕಿ ಬಂದ್ಯಾ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ನಮ್ಮ ಭುಜದ ಮೇಲಿಂದ ಬೀದಿಯ ಕಡೆ ನೋಡಿದರು.

"ನಿಮ್ಮ ಹಿಂದೆ ಬಂದೋರು ಯಾರು?"

ಅಕ್ಕ ಅವರನ್ನು ಒಳಗೆ ತಳ್ಳಿ ಬಾಗಿಲು ಹಾಕಿದಳು. ಬೀಗ ನಾನೇ ಹಾಕಿದ್ದು. ಒಳ್ಳೆಯ ಬೀಗ. ಆದರೆ ಆ ಮನೆಯವರದೇ ದನಿ ಇರುವವರು ಹೊರಗಿನಿಂದ ಹೆಸರು ಹಿಡಿದು ಕರೆದರೆ ಎಂಥ ಬೀಗವಾದರೂ ಏನು ಮಾಡೀತು? ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಚೀಲದಿಂದ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟಳು. ಹೆಸರಿತ್ತು, ಅಪ್ಪನ ಹೆಸರಿತ್ತು, ಮೊಹರಿತ್ತು. ಫೋಟೋ ಇರಬೇಕಾದ ಕಡೆ ಪಾಲಿಶ್ ಮಾಮನ ನೀಲಿ ಪರದೆ ಇತ್ತು, ಒಂದು ಖಾಲಿ ಸ್ಟೂಲ್ ಇತ್ತು. ಕುಳಿತಿದ್ದವಳು ಎದ್ದು ಹೋಗಿದ್ದಳು.

ಆ ಕಾರ್ಡು ಈಗ ನಡೆಯುವುದಿಲ್ಲ. ನಿಯಮ ಬದಲಾಗಿಲ್ಲ, ಈ ಸಲವೂ ಫೋಟೋ ಬೇಕು. ಬೇಡ ಅಕ್ಕ, ಬಿಟ್ಟುಬಿಡು ಎಂದೆ. "ಫೋಟೋ ಕೇಳದಿದ್ರೆ ಯಾವಳೋ ಬರ್ತಾಳೆ. ಫೋಟೋ ಕೇಳಿದ್ರೆ ಅವಳು ಬರ್ತಾಳೆ. ನಾನು ಯಾವಾಗಲೋ ಬರೋದು?" ಎಂದಳು. ಈ ಸಲ ಕೆನ್ನೆಯ ಒಂದು ಗೆರೆಯೂ ಬಿಟ್ಟುಹೋಗದಂತೆ ಫೋಟೋ ತೆಗೆಸುತ್ತೇನೆ, ಆ ಮುಖದಲ್ಲೇ ಹೋಗಿ ಹಾಕುತ್ತೇನೆ ಎಂದು ಹಟ ಹಿಡಿದು ಬಂದಿದ್ದಾಳೆ. ಈಗ ಒಳಗೆ ಕ್ಯಾಮೆರಾದ ಮುಂದೆ ಕುಳಿತಿರುವವಳು ಅವಳೇ. ಅವಳಾದ ಮೇಲೆ ನಿಮ್ಮದು.

ನಾನು ಬೆಳಿಗ್ಗೆಯೇ ಬಂದು ಫೋಟೋ ತೆಗೆಯುವವನಿಗೆ ಹೇಳಿದೆ, ದಯವಿಟ್ಟು ಏನೂ ತಿದ್ದಬೇಡಪ್ಪ ಎಂದು. ಅವನು ನಕ್ಕ. "ನಾನು ತಿದ್ದೋದೇ ಇಲ್ಲ ಅಂಕಲ್. ಈಗಿನ ಕ್ಯಾಮೆರಾ ತಾನೇ ನೈಸ್ ಮಾಡಿಬಿಡುತ್ತೆ," ಎಂದ. ಅದನ್ನು ಅಕ್ಕನಿಗೆ ಹೇಳಬೇಕು ಅನ್ನುವಷ್ಟರಲ್ಲಿ ಅವಳನ್ನು ಒಳಗೆ ಕರೆದುಬಿಟ್ಟರು. ಹೋಗಿ ಬಹಳ ಹೊತ್ತಾಯಿತು. ಒಂದು ಫೋಟೋಗೆ ಇಷ್ಟು ಹೊತ್ತು ಬೇಕೇ?

ಹಾಂ, ಬಾಗಿಲು ತೆರೆಯಿತು. ಯಾರೋ ಹೆಂಗಸು ಬರುತ್ತಿದ್ದಾಳೆ ಅಲ್ಲವೇ? ನಾನು ಆ ಕಡೆ ತಿರುಗುವುದಿಲ್ಲ, ನನಗೆ ಧೈರ್ಯವಿಲ್ಲ. ನೀವೊಂದು ಉಪಕಾರ ಮಾಡಿ, ಯಜಮಾನರೇ. ಸುಮ್ಮನೆ ನೆಲದ ಕಡೆ ನೋಡಿ, ಅವಳ ಕಾಲಿನ ಹತ್ತಿರ ನೆರಳು ಇದೆಯೋ ಇಲ್ಲವೋ, ಅಷ್ಟು ಹೇಳಿ ಸಾಕು. ಏಕೆ ಎದ್ದಿರಿ? ನಿಮ್ಮ ಸರದಿ ಈಗ ಬಂತು, ಆ ಕಡೆ ಮೆಟ್ಟಿಲು, ಫೋಟೋ ಈ ಕಡೆ. ಓಡಬೇಡಿ, ಹೋಗುವ ಮುಂಚೆ ಒಂದೇ ಒಂದು ಸಲ ತಿರುಗಿ, ಅವಳು ನನ್ನನ್ನು ನೋಡುತ್ತಿದ್ದಾಳೋ ಅಥವಾ ನನ್ನ ಹಿಂದೆ ಏನನ್ನೋ…